ಪಾಂಡವರ ಗುಡಿಯಲ್ಲಿ ಆಣೆ

ಕೆರೆ ತುಂಬಿದ ವರ್ಷ ಆ ದಿಬ್ಬ ನಡುಗಡ್ಡೆಯಾಗುತ್ತಿತ್ತು. ಮೇಲೆ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಪಾಂಡವರ ಗುಡಿಗಳು. ಮುಂದಿನ ಚಪ್ಪಡಿಯಲ್ಲೊಂದು ದುಂಡನೆಯ ಕಂಡಿ, ಅದೇ ಬಾಗಿಲು. ಊರಲ್ಲಿ ಬಗೆಹರಿಯದ ಜಗಳ ಅಲ್ಲಿ ಬಗೆಹರಿಯುತ್ತಿತ್ತು. ಕಂಡಿಯೊಳಗೆ ನುಸುಳಿ, ಆಣೆ ಮಾಡಿ, ಹೊರಗೆ ಬಂದವನ ಮಾತೇ ಸತ್ಯ. ಸುಳ್ಳು ಹೇಳಿದವನನ್ನು ಕಲ್ಲು ಹೊರಗೆ ಬಿಡುವುದಿಲ್ಲವೆಂದು ಮೇಲೂರು ಸುತ್ತಿನವರೆಲ್ಲ ನಂಬಿದ್ದರು.

ಎಂಬತ್ತೆಂಟರ ಮಳೆಗೆ ಕೆರೆ ಕೋಡಿ ಹರಿದಿತ್ತು. ಬಯ್ಯಪ್ಪ ಅಂಥ ನೀರಿನ ಮೇಲೆ ಸುಳ್ಳಾಣೆ ಮಾಡಲು ಹೊರಟಿದ್ದ. ಎಂಥ ಗಟ್ಟಿ ಪಿಂಡ ನೋಡಿ! ದೋಣಿಯೆಂದರೆ ಬೆಲ್ಲ ಕಾಯಿಸುವ ಆಲೆಮನೆಯ ಕೊಪ್ಪರಿಗೆ. ಎದುರಿಗೆ ಕೂತವಳು ಅಣ್ಣನ ಹೆಂಡತಿ ಗಂಗುಲಮ್ಮ. ಹುಟ್ಟು ಹಾಕುತ್ತಿದ್ದವನು ಊರ ಹಿರಿಯ ಆವಲಪ್ಪ.

ಜಗಳ ಬೋರ್‌ವೆಲ್ಲಿನದು. ಅಣ್ಣ ನಲ್ಲಪ್ಪ ಕೊರೆಸಿದ್ದು, ಮೂರಿಂಚು ನೀರು. ಹಿಪ್ಪುನೇರಳೆ ತೋಟ ಹಸಿರಾಗಿದ್ದುದೇ ಅದರಿಂದ. ಆಸ್ಪತ್ರೆಯಲ್ಲಿ ಪ್ರಾಣ ಹೋಗುವಾಗ ನಲ್ಲಪ್ಪ ತಮ್ಮನ ಕೈ ಹಿಡಿದು, "ಬೋರು ನಿಮ್ಮತ್ತಿಗೆಗೆ ಕಣೋ, ತಕರಾರು ಮಾಡ್ಬೇಡ" ಎಂದಿದ್ದ. ಹೆಂಡತಿಗೂ ಅದನ್ನೇ ಹೇಳಿದ್ದ. ಬಯ್ಯಪ್ಪ ಬಿಕ್ಕಿ ಬಿಕ್ಕಿ ಅತ್ತು ತಲೆಯಾಡಿಸಿದ್ದ. ನಾಟಕವಲ್ಲ, ಅಣ್ಣನೆಂದರೆ ಅವನಿಗೆ ಪ್ರಾಣ. ಅಪ್ಪನಿಲ್ಲದ ಮನೆಯಲ್ಲಿ ಸಾಕಿ ದೊಡ್ಡವನನ್ನಾಗಿ ಮಾಡಿದವನು ಅವನೇ. ಆದರೆ ದುರಾಸೆ ಯಾರ ಮಾತು ಕೇಳುತ್ತದೆ? ತಿಥಿ ಮುಗಿದು ಸ್ವಲ್ಪ ದಿನಕ್ಕೆ, "ಬೋರು ನನಗೇ ಅಂದ ನಮ್ಮಣ್ಣ" ಎಂದುಬಿಟ್ಟ.

"ಆಯ್ತಪ್ಪ, ಪಾಂಡವರ ಗುಡೀಲಿ ಆಣೆ ಮಾಡು. ಆಮೇಲೆ ನಾನು ತುಟಿ ಬಿಚ್ಚಲ್ಲ" ಎಂದಳು ಗಂಗುಲಮ್ಮ.

ಬಯ್ಯಪ್ಪ ಒಪ್ಪಿದ್ದಕ್ಕೆ ಕಾರಣವಿತ್ತು. ಹಿಂದಿನ ಬೇಸಿಗೆಯಲ್ಲಿ ಪಟ್ಟಣದಿಂದ ಬಂದ ಮೇಷ್ಟ್ರುಗಳು ಅಲ್ಲಿ ಅಗೆದು, ಇದು ಗುಡಿಯೂ ಅಲ್ಲ ಗಿಡಿಯೂ ಅಲ್ಲ, ಸಾವಿರಾರು ವರ್ಷದ ಹಿಂದಿನವರ ಗೋರಿ ಎಂದಿದ್ದರು. ಮೂಳೆಚೂರು, ಮಡಕೆ ತೋರಿಸಿದ್ದರು. ಬರೀ ಹೆಣದ ಮನೆ, ಏನು ಮಾಡೀತು ಎಂದುಕೊಂಡ ಆಸಾಮಿ.

ಆದರೂ ಕೊಪ್ಪರಿಗೆ ನಡುನೀರಿನಲ್ಲಿ ತಾನಾಗಿ ಒಂದು ಸುತ್ತು ತಿರುಗಿದಾಗ ಅವನು ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ದಿಬ್ಬದ ಮೇಲೆ ಒಂದು ಹಕ್ಕಿಯೂ ಇರಲಿಲ್ಲ.

"ಬಯ್ಯ, ಈಗ್ಲೂ ತಿರುಗಿಸ್ಲೇನಪ್ಪ?" ಎಂದ ಆವಲಪ್ಪ.

"ನಡೀರಿ ಮಾವ."

ದಿಬ್ಬ ಸೇರಿದ ಮೇಲೆ ಬಯ್ಯಪ್ಪ ಕಂಡಿಯೊಳಗೆ ತೂರಿದ. ಒಳಗೆ ಕತ್ತಲು, ಹಳೆಯ ಮಣ್ಣಿನ ವಾಸನೆ, ಮಂಡಿಗೆ ಏನೋ ಚೂಪಾಗಿ ಚುಚ್ಚಿತು. ಮೂಳೆಯೋ ಮಡಕೆಯೋ, ಮುಟ್ಟಿ ನೋಡುವ ಧೈರ್ಯ ಬರಲಿಲ್ಲ. "ನಮ್ಮಣ್ಣ ನಲ್ಲಪ್ಪ ಬೋರು ನನಗೇ ಅಂದ. ಸುಳ್ಳಾದ್ರೆ ಈ ಕಲ್ಲು ನನ್ನ ಇಲ್ಲೇ ಇಟ್ಕೊಳ್ಲಿ" ಎಂದು ಕೂಗಿದ. ಯಾರೋ ಪಕ್ಕದಲ್ಲೇ ಕೂತು ಅದೇ ಮಾತನ್ನು ಮೆಲ್ಲಗೆ ತಿರುಗಿ ಹೇಳಿದಂತಾಯಿತು.

ಹೊರಗೆ ಬರುವಾಗ ಭುಜ ಸಿಕ್ಕಿಕೊಂಡಿತು. ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಅಯ್ಯೋ ಸತ್ತೆ ಅಂದುಕೊಂಡ. ಉಸಿರು ಬಿಟ್ಟು ಒದ್ದಾಡಿದ. ಅಂಗಿ ಪರ್ರೆಂದು ಹರಿದು ದೊಪ್ಪನೆ ಹೊರಗೆ ಬಿದ್ದ. ಅಷ್ಟೇ, ಏನೂ ಆಗಲಿಲ್ಲ. ನಗು ತಡೆಯಲು ತುಟಿ ಕಚ್ಚಿಕೊಂಡ.

ಗಂಗುಲಮ್ಮ ಅವನನ್ನೇ ನೋಡುತ್ತ ನಿಂತಿದ್ದಳು. ಅಳಲಿಲ್ಲ.

"ಹಂಗಾದ್ರೆ ನನಗೆ ಸುಳ್ಳು ಹೇಳಿ ಸತ್ರಾ ಅವರು?" ಎಂದಳು. "ಪ್ರಾಣ ಹೋಗೋ ಗಳಿಗೇಲೂ ನನ್ನ ಕಣ್ಣಿಗೆ ಮಣ್ಣೆರಚಿದ್ರಾ?"

ಗುಡಿಯ ಕಡೆಗೆ ಬೆನ್ನು ತಿರುಗಿಸಿದಳು.

"ಬರೋ ಮಾಲಯ ಅಮಾಸೆಗೆ ಅವರಿಗೆ ಎಡೆ ಇಕ್ಕಲ್ಲ. ಮಕ್ಕಳ ಕೈಲೂ ಇಕ್ಸಲ್ಲ. ನೀನೂ ಇಕ್ಕಕೂಡ್ದು. ಹಸ್ಕೊಂಡು ಅಲೀಲಿ."

"ಅತ್ತಿಗೆ, ಹಂಗನ್ಬೇಡಿ!" ಬಯ್ಯಪ್ಪ ಎರಡೂ ಕೈ ಮುಗಿದ. ಮುದ್ದೆಯ ಮೊದಲ ತುತ್ತನ್ನು ತಮ್ಮನ ಬಾಯಿಗಿಟ್ಟೇ ಉಣ್ಣುತ್ತಿದ್ದ ಅಣ್ಣ.

"ಯಾಕಪ್ಪ? ಅವರು ಸುಳ್ಳು ಹೇಳಿದ್ರೋ ಇಲ್ವೋ? ನೀನೇ ಹೇಳ್ಬಿಡು."

ಆವಲಪ್ಪ ಹುಟ್ಟು ಹಿಡಿದು ಅವನ ಬಾಯನ್ನೇ ನೋಡುತ್ತಿದ್ದ. ಒಂದೇ ಒಂದು ಮಾತು ಸಾಕಾಗಿತ್ತು. ಬಯ್ಯಪ್ಪನ ಕಣ್ಣಲ್ಲಿ ನೀರು ತುಂಬಿತು.

"ಹೇಳಿದ ಅತ್ತಿಗೆ," ಎಂದ. "ಸುಳ್ಳೇ ಹೇಳಿದ."