ಕಳಿಸೋದಾದರೆ ಮಕ್ಕಳನ್ನು ಕಳಿಸಿ

ಕೆಂಚಾರ್ಲಹಳ್ಳಿಯಿಂದ ಒಳಕ್ಕೆ ಹೋದರೆ ಹಿಪ್ಪುನೇರಳೆ ತೋಟಗಳ ಮಧ್ಯೆ ಒಂದು ಊರು. ಹೆಸರು ಬೇಡ. ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ. ಹೇಳದಿದ್ದರೆ ಓದಿದವರೆಲ್ಲ ಇದು ನಮ್ಮೂರೇ ಅಂದುಕೊಳ್ಳುತ್ತಾರೆ. ಅದೇ ಒಳ್ಳೆಯದು.

ಆ ಊರಿನ ಸ್ಕೂಲಿಗೆ ಒಬ್ಬರೇ ಮೇಷ್ಟ್ರು. ಬಂದವರು ನಿಲ್ಲುವುದಿಲ್ಲ. ಒಬ್ಬರಿಗೆ ನೀರು ಒಗ್ಗುವುದಿಲ್ಲ, ಇನ್ನೊಬ್ಬರ ಹೆಂಡತಿಗೆ ಊರು ಹಿಡಿಸುವುದಿಲ್ಲ. ವರ್ಗ ಮಾಡಿಸಿಕೊಂಡು ಹೊರಟುಬಿಡುತ್ತಾರೆ. ಹೊರಡುವ ದಿನ ಊರಿನವರು ಸೇರಿ ಚೆಂಡುಹೂವಿನ ಹಾರ ಹಾಕಿ, ತಾಂಬೂಲ ಕೊಟ್ಟು, ಬಸ್ಸು ಹತ್ತಿಸಿ ಬರುತ್ತಾರೆ. ಇದಕ್ಕೆ ಆ ಊರಿನಲ್ಲಿ 'ಹಾರ ಹಾಕಿ ಕಳಿಸೋದು' ಅಂತಲೇ ಹೆಸರು. ಈ ಒಂದು ಕೆಲಸವನ್ನು ಅವರು ಬಹಳ ಚೆನ್ನಾಗಿ ಮಾಡುತ್ತಿದ್ದರು.

ಮತ್ತೊಬ್ಬ ಮೇಷ್ಟ್ರು ಬರುವವರೆಗೆ, ತಿಂಗಳುಗಟ್ಟಲೆ, ಸ್ಕೂಲಿನ ಬಾಗಿಲು ತೆಗೆಯುತ್ತಿದ್ದವನು ಚಲಪತಿ. ಕೆಳಗಿನ ಕೇರಿಯವನು. ಚಿಂತಾಮಣಿಯ ಹಾಸ್ಟೆಲಿನಲ್ಲಿದ್ದುಕೊಂಡು ಮಿಡ್ಲ್ ಸ್ಕೂಲ್ ಓದಿದ್ದ. ಬೆಳಗ್ಗೆ ತನ್ನ ತುಂಡು ಹೊಲದಲ್ಲಿ ಕೆಲಸ, ಆಮೇಲೆ ಮಕ್ಕಳಿಗೆ ಪಾಠ, ಬಿಟ್ಟ ಮೇಲೆ ಮತ್ತೆ ಹೊಲ. ಹೊಸ ಮೇಷ್ಟ್ರು ಬಂದರೆ ಬೀಗದಕೈ ಅವರಿಗೆ ಕೊಟ್ಟು ಹಿಂದೆ ಸರಿಯುವನು. ಅವರು ಹೋದ ಮಾರನೆಯ ದಿನ ಮತ್ತೆ ಬೀಗ ತೆಗೆಯುವನು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷದಿಂದ ಹೀಗೇ ನಡೆದಿತ್ತು. ಊರು ಅವನಿಗೆ ಸಂಬಳ ಕೊಟ್ಟಿರಲಿಲ್ಲ. ಸಂಬಳ ಹಾಳಾಗಲಿ, ಒಂದು ಒಳ್ಳೆಯ ಮಾತನ್ನೂ ಕೊಟ್ಟಿರಲಿಲ್ಲ.

ಇದರಲ್ಲಿ ತಪ್ಪೇನಿದೆ ಎಂದು ಮುನಿಶಾಮಪ್ಪನಿಗೆ ಹೊಳೆದದ್ದೇ ಇಲ್ಲ. ಅವನು ಸ್ಕೂಲ್ ಕಮಿಟಿಯ ಯಜಮಾನ. ಸಾಕಷ್ಟು ತೋಟ, ಮನೆಯಲ್ಲಿ ತಟ್ಟೆ ತಟ್ಟೆ ರೇಷ್ಮೆ ಹುಳ, ಬಾಯಿ ಮಾತ್ರ ಬಿರುಸು.

ಐವತ್ತೆಂಟನೆಯ ಇಸವಿ, ಆಗಸ್ಟ್ ತಿಂಗಳು. ಚಿಂತಾಮಣಿ ಬ್ಲಾಕಿನ ಗ್ರಾಮಸೇವಕ ಚನ್ನಕೇಶವ ಸೈಕಲ್ ಒರಗಿಸಿ ಮುನಿಶಾಮಪ್ಪನ ಜಗಲಿಯ ಮೇಲೆ ಕೂತ. ಗೊಬ್ಬರದ ಮಾತಾಯಿತು. ಆಮೇಲೆ ಅವನೆಂದ:

"ಮುನಿಶಾಮಪ್ಪನೋರೇ, ಶುಕ್ರವಾರ ಬಾವುಟ ಹಾರಿಸ್ತೀರಲ್ಲ, ಅವತ್ತೇ ಚಲಪತಿಗೆ ಒಂದು ಹಾರ ಹಾಕಿ ಸನ್ಮಾನ ಮಾಡಿ."

"ಯಾಕೆ? ಅವನೆಲ್ಲಿಗೆ ಹೋಗ್ತಾನೆ?"

"ಎಲ್ಲಿಗೂ ಹೋಗಲ್ಲ."

"ಮತ್ತೆ ಹಾರ ಯಾಕೆ?"

ಚನ್ನಕೇಶವ ನಕ್ಕ. ಮುನಿಶಾಮಪ್ಪ ನಗಲಿಲ್ಲ. ಅವನು ತಮಾಷೆ ಮಾಡಿರಲಿಲ್ಲ.

"ಇಷ್ಟು ವರ್ಷ ಬಿಟ್ಟಿ ಪಾಠ ಹೇಳಿದಾನಲ್ಲ, ಅದಕ್ಕೆ. ವಿದುರಾಶ್ವತ್ಥದ ಕಡೆ ಒಂದು ಹಳ್ಳೀಲಿ ಇಂಥೋರೊಬ್ಬರನ್ನ ಊರೋರೆಲ್ಲ ಸೇರಿ ಗೌರವಿಸಿದ್ರು. ಅದನ್ನ ನೋಡಿ ಇನ್ನಿಬ್ಬರು ನಾವೂ ಹೇಳಿಕೊಡ್ತೀವಿ ಅಂತ ಮುಂದೆ ಬಂದ್ರು."

"ನಾವು ಕರೆದಿದ್ದಕ್ಕೆ ಬಂದ್ನಾ ಇವನು? ಅವನಿಷ್ಟ, ಬರ್ತಾನೆ. ದಿನಾ ಹುಟ್ಟೋ ಸೂರ್ಯನಿಗೆ ಶಾಲು ಹೊದಿಸ್ತೀರಾ ಸ್ವಾಮಿ?"

ಒಳಗಿನಿಂದ ಹೆಂಡತಿ ಆದಿಲಕ್ಷ್ಮಮ್ಮನ ದನಿ ಬಂತು: "ಸೂರ್ಯನಿಗೆ ದಿನಾ ಕೈ ಮುಗೀತೀರಲ್ಲ! ಇವನಿಗೆ ಒಂದು ದಿನ ಮುಗಿದ್ರೆ ಕೈ ಸವೀತದಾ?"

ಮಾತು ಬೆಳೆಸಲು ಮುನಿಶಾಮಪ್ಪನಿಗೆ ಪುರುಸೊತ್ತಿರಲಿಲ್ಲ. ಹುಳಕ್ಕೆ ಸೊಪ್ಪು ಹಾಕುವ ಹೊತ್ತು. "ಆಯ್ತು, ಹಾಕಣ ಬಿಡಿ" ಎಂದು ಎದ್ದ. ತೋಟಿ ಮುನಿಗಂಗಪ್ಪನನ್ನು ಕರೆದು ಊರಿಗೆಲ್ಲ ಸಾರಲು ಹೇಳಿದ.

"ಏನಂತ ಸಾರಲಿ ಯಜಮಾನ್ರೇ?"

"ಯಾವಾಗಲೂ ಸಾರೋ ಹಂಗೇ ಸಾರು. ಹೆಸರು ಮಾತ್ರ ಬದಲಾಯಿಸು."

ಸಂಜೆ ತಮಟೆ ಕೇಳಿಸಿತು. "ಕೇಳ್ರಪ್ಪೋ ಕೇಳಿ! ಶುಕ್ರವಾರ ಸ್ಕೂಲ್ ಹತ್ರ ಚಲಪತಿಗೆ ಹಾರ ಹಾಕಿ ಕಳಿಸ್ತಾರೆ! ಮನೆಗೊಬ್ಬರು ಬರಬೇಕು!"

"ಎಕ್ಕಡಿಕಂಟ?" ಎಂದು ಬಾಗಿಲಲ್ಲಿ ಕೂತಿದ್ದ ಮುದುಕಿಯೊಬ್ಬಳು ತೆಲುಗಿನಲ್ಲಿ ಕೇಳಿದಳು.

"ಎಲ್ಲಿಗೋ ನಂಗೇನು ಗೊತ್ತಜ್ಜಿ? ಕಳಿಸ್ತಾರಂತೆ" ಎಂದು ಮುನಿಗಂಗಪ್ಪ ಕೆಳಗಿನ ಕೇರಿಯತ್ತ ನಡೆದ. ಅಲ್ಲೂ ಅದೇ ಮಾತನ್ನು ಗಟ್ಟಿಯಾಗಿ ಸಾರಿದ.

ಮಾರನೆಯ ಬೆಳಗ್ಗೆ ಚಲಪತಿ ಮುನಿಶಾಮಪ್ಪನ ಮನೆಯ ಅಂಗಳದಲ್ಲಿ ನಿಂತು ಸ್ಕೂಲಿನ ಬೀಗದಕೈಯನ್ನು ಆದಿಲಕ್ಷ್ಮಮ್ಮನಿಗೆ ಕೊಟ್ಟ. "ಯಜಮಾನ್ರಿಗೆ ಕೊಟ್ಬಿಡಮ್ಮ" ಎಂದಷ್ಟೇ ಹೇಳಿ ಹೋದ.

"ಹೊಸ ಮೇಷ್ಟ್ರು ಬಂದಿರಬೇಕು" ಎಂದುಕೊಂಡ ಮುನಿಶಾಮಪ್ಪ. ಯಾರೂ ಬಂದಿರಲಿಲ್ಲ. ಸ್ಕೂಲು ತೆಗೆಯಲಿಲ್ಲ. ಮಕ್ಕಳು ಬೀದಿಯಲ್ಲಿ ಆಡುತ್ತಿದ್ದರು. ಅವನು ಬೇಸರ ಮಾಡಿಕೊಳ್ಳಲಿಲ್ಲ. ಹುಳ ಕೊನೆಯ ಹಸಿವಿನಲ್ಲಿತ್ತು, ಎಷ್ಟು ಸೊಪ್ಪು ಹಾಕಿದರೂ ಸಾಲದು. ನಾಲ್ಕನೆಯ ಕ್ಲಾಸಿನಲ್ಲಿದ್ದ ಮಗಳು ಅಶ್ವತ್ಥಮ್ಮನನ್ನು ಸೊಪ್ಪು ಬಿಡಿಸಲು ತೋಟಕ್ಕೆ ಅಟ್ಟಿದ. ಮಧ್ಯಾಹ್ನ ಅವಳು ಸೊಪ್ಪಿನ ಹೊರೆ ಇಳಿಸಿ ಹೇಳಿದಳು:

"ಅಪ್ಪಾ, ಚಲಪತಿ ಮೇಷ್ಟ್ರು ನಂದಿಗೆ ಹೋಗ್ತಾರಂತೆ. ದ್ರಾಕ್ಷಿ ತೋಟದಲ್ಲಿ ಮೇಸ್ತ್ರಿ ಕೆಲಸ ಅಂತೆ. ಅವರಮ್ಮ ಮಂಗಮ್ಮಜ್ಜಿ ಪಾತ್ರೆ ಕಟ್ತಾ ಇದಾರೆ. ಇನ್ಮೇಲೆ ನಮಗೆ ಸ್ಕೂಲಿಲ್ವಾ?"

"ಹೋಗ್ಲಿ ಬಿಡು. ಸರ್ಕಾರ ಇನ್ನೊಬ್ಬರನ್ನ ಕಳಿಸ್ತದೆ."

ಅಷ್ಟರಲ್ಲಿ ಚನ್ನಕೇಶವ ಸ್ಕೂಲಿನ ಬೀಗ ನೋಡಿಕೊಂಡೇ ಬಂದ. ಮುಖ ಕೆಂಪಗಾಗಿತ್ತು. "ಏನ್ರೀ ಇದು? ಬಾಗಿಲು ಮುಚ್ಚಿದ ಸ್ಕೂಲಿಗೆ ಯಾರು ಮೇಷ್ಟ್ರನ್ನ ಹಾಕ್ತಾರೆ? ಪಕ್ಕದ ಊರೋರು ನಮಗೆ ಕೊಡಿ ಅಂತ ಅರ್ಜಿ ಹಿಡ್ಕೊಂಡು ಕೂತಿದಾರೆ. ಇಷ್ಟು ದಿನ ಈ ಸ್ಕೂಲು ಈ ಊರಲ್ಲಿ ಉಳಿದಿದ್ದೇ ಚಲಪತಿಯಿಂದ."

ಮುನಿಶಾಮಪ್ಪ ಏನೋ ಅನ್ನಲು ಹೊರಟ. ಆದಿಲಕ್ಷ್ಮಮ್ಮ ಬಿಡಲಿಲ್ಲ.

"ನಂಗೆ ಬಸ್ಸಿನ ಬೋರ್ಡು ಓದೋಕೆ ಬರಲ್ಲ. ಚಿಂತಾಮಣಿಗೆ ಹೋಗೋ ಬಸ್ಸು ಯಾವುದು ಅಂತ ಹತ್ತು ಜನರನ್ನ ಕೇಳ್ತೀನಿ. ಇವಳು ಕೇಳಲ್ಲ, ಓದ್ತಾಳೆ. ಇವಳಿಗೆ ಓದೋದು ಕಲಿಸಿದ್ದು ಯಾರು? ನೀವು ಹಾರ ಹಾಕಿ ಬಸ್ಸು ಹತ್ತಿಸಿದೋರಾ? ಏಳಿ ಮೇಲೆ."

ಅವನು ಎದ್ದ.

ಮುನಿಶಾಮಪ್ಪ ಕೆಳಗಿನ ಕೇರಿಯೊಳಗೆ ಕಾಲಿಟ್ಟವನಲ್ಲ. ಅಲ್ಲಿಯವರನ್ನು ಕೆಲಸಕ್ಕೆ ಕರೆಯಬೇಕಾದರೆ ಕೇರಿಯ ಮೊದಲಲ್ಲೇ ನಿಂತು ಕೂಗುತ್ತಿದ್ದ. ಅವತ್ತೂ ಅಲ್ಲೇ ನಿಂತು "ಲೋ ಚಲಪತೀ" ಎಂದ. ಯಾರೂ ಬರಲಿಲ್ಲ.

"ಬೇರೆ ಮೇಷ್ಟ್ರುಗಳನ್ನೂ ಹಿಂಗೇ ಕೂಗ್ತಿದ್ರಾ?" ಎಂದಳು ಆದಿಲಕ್ಷ್ಮಮ್ಮ. ಕೂಗುತ್ತಿರಲಿಲ್ಲ. ಅವಳೂ ಚನ್ನಕೇಶವನೂ ಮುಂದೆ ನಡೆದರು. ಅವನು ಹಿಂದೆ ಹೋದ.

ಚಲಪತಿಯ ತಾಯಿ ಮಂಗಮ್ಮ ಬಾಗಿಲಲ್ಲಿ ಕೂತು ಹಳೆಯ ಸೀರೆಯಲ್ಲಿ ಪಾತ್ರೆ ಗಂಟು ಕಟ್ಟುತ್ತಿದ್ದಳು. "ಬನ್ನಿ ಯಜಮಾನ್ರೇ. ಹಾರ ಇಲ್ಲಿಗೇ ತಂದ್ರಾ? ಅಲ್ಲೀಗಂಟ ಬರೋದು ತಪ್ಪಿಸಿದ್ರಿ, ಪುಣ್ಯ."

ಚಲಪತಿ ಹೊರಗೆ ಬಂದ. ದನಿ ಏರಿಸಲಿಲ್ಲ. "ಒಂದು ಮಾತು ಹೇಳಿದ್ರೆ ಕೀ ತಂದು ಕೊಡ್ತಿದ್ದೆ ಯಜಮಾನ್ರೇ. ತಮಟೆ ಹೊಡೆಸೋದು ಬೇಕಿರಲಿಲ್ಲ."

"ಯಾವನಯ್ಯ ನಿನ್ನ ಕಳಿಸ್ತೀನಿ ಅಂದೋನು? ನಿಂಗೆ ಮರ್ಯಾದೆ ಮಾಡಣ ಅಂತ ಹಾರ ಹಾಕಿಸ್ತಿದ್ದೆ!"

"ಈ ಊರಲ್ಲಿ ಹಾರ ಹಾಕಿಸ್ಕೊಂಡ ಮೇಲೆ ಉಳಿದಿರೋರು ಯಾರಾದ್ರೂ ಇದಾರಾ? ಒಬ್ಬರನ್ನ ತೋರಿಸಿ."

ಒಬ್ಬರೂ ಇರಲಿಲ್ಲ. ಮುನಿಶಾಮಪ್ಪನಿಗೆ ಮುನಿಗಂಗಪ್ಪನ ಮೇಲೆ ಸಿಟ್ಟು ಬಂತು. ಆದರೆ ಯಾವಾಗಲೂ ಸಾರುವ ಹಾಗೇ ಸಾರು ಎಂದವನು ತಾನೇ. ಸಿಟ್ಟಿಗೆ ಹೋಗಲು ಜಾಗವಿರಲಿಲ್ಲ.

"ಹಾಕು ಅಂದ್ರಿ, ಹಾಕ್ತೀನಿ ಅಂದೆ, ಅದೂ ತಪ್ಪಾಯ್ತು. ಇನ್ನೇನು ಮಾಡ್ಲಿ, ನೀವೇ ಹೇಳಿ ಸ್ವಾಮಿ!" ಎಂದು ಚನ್ನಕೇಶವನ ಮೇಲೆ ಹರಿಹಾಯ್ದ.

"ಹೋಗೋರಿಗೆ ಹಾರ ಹಾಕೋದು ಸುಲಭ ಯಜಮಾನ್ರೇ. ಬಸ್ಸು ಹತ್ತಿಸಿದ್ರೆ ಮುಗೀತು. ಇರೋರಿಗೆ ಹಾಕಿದ್ರೆ ನಾಳೆ ಬೆಳಗ್ಗೆ ಅವರ ಮುಖ ನೋಡಬೇಕು, ಅವರ ಕೆಲಸಕ್ಕೆ ಹೆಗಲು ಕೊಡಬೇಕು. ನನ್ನನ್ನೇನು ಕೇಳ್ತೀರಿ? ಅವರನ್ನ ಕೇಳಿ, ನಿಂಗೇನು ಬೇಕಪ್ಪ ಅಂತ."

ಮುನಿಶಾಮಪ್ಪ ಚಲಪತಿಯ ಕಡೆ ತಿರುಗಿದ. "ಏನು ಬೇಕಪ್ಪ ಚಲಪತಿ?"

ಚಲಪತಿ ತಾಯಿಯ ಮುಖ ನೋಡಿದ. "ಹೇಳೋ" ಎಂದಳು ಮಂಗಮ್ಮ. "ಮಕ್ಕಳ ಮುಂದೆ ಅಷ್ಟುದ್ದ ಬಾಯಿ ಇರ್ತದೆ."

"ಹುಳ ಹಣ್ಣಾಗೋ ದಿನಗಳಲ್ಲಿ ಸ್ಕೂಲಲ್ಲಿ ನಾನೊಬ್ಬನೇ ಕೂತಿರ್ತೀನಿ" ಎಂದ ಚಲಪತಿ. "ಮನೆಮನೆಗೂ ಹೋಗಿ ಕರೀತೀನಿ. ಹುಳ ಮುಗೀಲಿ ಬಾರಯ್ಯ ಅಂತಾರೆ. ಹುಳ ಮುಗಿಯೋಷ್ಟರಲ್ಲಿ ಕಲಿತಿದ್ದು ಮರೆತಿರ್ತಾರೆ. ಮತ್ತೆ ಮೊದಲಿಂದ ಅಆಇಈ. ನಾನು ಎಷ್ಟು ಸಲ ಮೊದಲಿಂದ ಶುರು ಮಾಡ್ಲಿ? ಹಾರ ಬೇಡ ಯಜಮಾನ್ರೇ. ಕಳಿಸೋದಾದ್ರೆ ಮಕ್ಕಳನ್ನ ಕಳಿಸಿ. ಹಂಗಾದ್ರೆ ನಾನು ನಂದಿಗೆ ಹೋಗಲ್ಲ."

ಮುನಿಶಾಮಪ್ಪನ ಹುಳ ಶನಿವಾರಕ್ಕೆ ಹಣ್ಣಾಗಿ ಗೂಡು ಕಟ್ಟುವುದಿತ್ತು. ಹಣ್ಣಾದ ಹುಳವನ್ನು ಹೊತ್ತಿಗೆ ಸರಿಯಾಗಿ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ಗೂಡು ಕಟ್ಟಿಬಿಡುತ್ತದೆ. ಅಂಥ ಗೂಡು ಕಂಡರೆ ಶಿಡ್ಲಘಟ್ಟದಲ್ಲಿ ಕೊಳ್ಳುವವರು ಮೂಗು ಮುರಿಯುತ್ತಾರೆ.

"ಕೈ ಸಾಲಲ್ಲ ಕಣಯ್ಯ" ಎಂದ. ಅದು ನಿಜವೇ ಆಗಿತ್ತು.

"ನಮ್ಮ ಕೇರೀಲಿ ಕೈ ಇಲ್ವಾ?" ಎಂದಳು ಮಂಗಮ್ಮ. "ಸೊಪ್ಪು ಬಿಡಿಸೋಕೆ ನಮ್ಮ ಕೈ ಆಗ್ತದೆ. ಹುಳದ ಮನೆ ಒಳಗೆ ಬಿಡಬೇಕಾದ್ರೆ ಆಗಲ್ಲ. ನಾವು ಬಂದ್ರೆ ಹುಳ ಸಾಯ್ತವೆ ಅಂತೀರಿ. ನನ್ನ ಮಗ ಪಾಠ ಹೇಳಿದ್ದಕ್ಕೆ ನಿಮ್ಮ ಮಕ್ಕಳೇನಾದ್ರೂ ಸತ್ರಾ?"

ಮುನಿಶಾಮಪ್ಪ ಹೆಂಡತಿಯನ್ನು ನೋಡಿದ. ಹುಳದ ಮನೆ ಅವಳ ಕೈಯಲ್ಲಿತ್ತು. ಅಲ್ಲಿ ಅವನ ಮಾತು ನಡೆಯುವುದು ಅಷ್ಟಕ್ಕಷ್ಟೇ.

"ಶನಿವಾರ ಬೆಳಗ್ಗೆ ಬಾ ಮಂಗಮ್ಮ" ಎಂದಳು ಆದಿಲಕ್ಷ್ಮಮ್ಮ. "ಇನ್ನಿಬ್ಬರನ್ನೂ ಕರ್ಕೊಂಡು ಬಾ. ಕೈಕಾಲು ತೊಳ್ಕೊಂಡು ಒಳಗೆ ಬನ್ನಿ, ನಾನೂ ಹಂಗೇ ಹೋಗೋದು. ಎಲ್ಲರಿಗೂ ಕೊಡೋ ಕೂಲಿ ಕೊಡ್ತೀನಿ."

ಮುನಿಶಾಮಪ್ಪ ನೆಲ ನೋಡಿಕೊಂಡು, "ಹ್ಞೂಂ, ಬನ್ನಿ" ಎಂದ. ಮಂಗಮ್ಮ ಪಾತ್ರೆ ಗಂಟನ್ನು ತಕ್ಷಣ ಬಿಚ್ಚಲಿಲ್ಲ. "ಶನಿವಾರ ನೋಡಣ" ಎಂದಳು.

ಸಂಜೆ ಮತ್ತೆ ತಮಟೆ. "ಕೇಳ್ರಪ್ಪೋ! ಚಲಪತಿ ಮೇಷ್ಟ್ರು ಎಲ್ಲಿಗೂ ಹೋಗಲ್ಲ! ಅದಕ್ಕೇ ಹಾರ!"

ಶುಕ್ರವಾರ ಬಾವುಟ ಹಾರಿತು. ದೊಡ್ಡ ಮನುಷ್ಯರನ್ನು ಯಾರನ್ನೂ ಕರೆದಿರಲಿಲ್ಲ. ಚಲಪತಿ ಮೇಷ್ಟ್ರ ಕುರ್ಚಿಯಲ್ಲಿ ಕೂರಲು ಒಪ್ಪಲಿಲ್ಲ. ಅಶ್ವತ್ಥಮ್ಮ ಕೈ ಹಿಡಿದು ಎಳೆದ ಮೇಲೆ ಕೂತ. ಮುನಿಶಾಮಪ್ಪ ಹಾರ ಹಾಕಿ, ಬೀಗದಕೈಯನ್ನು ಅವನ ಕೈಗಿಟ್ಟು, ಭಾಷಣಕ್ಕೆಂದು ನಿಂತ, ಹೇಳಿದ್ದು ಇಷ್ಟು: "ಇವರು ಇಲ್ಲೇ ಇರ್ತಾರೆ. ಹುಳ ಇರಲಿ, ಇಲ್ಲದಿರಲಿ, ಮಕ್ಕಳು ಸ್ಕೂಲಿಗೆ ಬರ್ತಾರೆ. ನನ್ನ ಮಗಳು ನಾಳೆ ಬರ್ತಾಳೆ. ನಿಮ್ಮದು ನೀವು ಹೇಳಿ." ಆಮೇಲೆ ಒಬ್ಬೊಬ್ಬರಾಗಿ ಕೈ ಎತ್ತಿದರು. ಕೆಲವರು ಎತ್ತಲಿಲ್ಲ.

ಶನಿವಾರ ಬೆಳಗ್ಗೆ ಮಂಗಮ್ಮ ಇನ್ನಿಬ್ಬರು ಹೆಂಗಸರೊಂದಿಗೆ ಬಂದಳು. ಹಿಂದಿನ ಬಾಗಿಲಿಗೆ ಹೋಗುತ್ತಿದ್ದವಳನ್ನು ಆದಿಲಕ್ಷ್ಮಮ್ಮ ಮುಂದಿನ ಬಾಗಿಲಿಗೆ ಕರೆದಳು. ಒಂದು ತಟ್ಟೆಯ ಹುಳ ತಡವಾಗಿ ಅಲ್ಲೇ ಗೂಡು ಕಟ್ಟಿತು. ಮುನಿಶಾಮಪ್ಪ ಇಡೀ ದಿನ ಅದಕ್ಕಾಗಿ ಗೊಣಗಿದ. ಆದರೆ ಅಶ್ವತ್ಥಮ್ಮನನ್ನು ಕರೆಸಲಿಲ್ಲ. ಅವಳು ಸ್ಕೂಲಿನಲ್ಲಿ ಮಗ್ಗಿ ಹೇಳುತ್ತಿದ್ದಳು, ಹೇಳಿಸುತ್ತಿದ್ದವನು ಚಲಪತಿ.

ಓದುಗರೇ, ನಿಮ್ಮೂರಿನಲ್ಲೂ ಇಂಥವರೊಬ್ಬರು ಇದ್ದಾರೆ. ಸಂಬಳವಿಲ್ಲದೆ ಪಾಠ ಹೇಳುವವರು, ಸ್ಕೂಲಿಗೆ ಜಾಗ ಬಿಟ್ಟುಕೊಟ್ಟವರು, ಮನೆಮನೆ ತಿರುಗಿ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವವರು. ಇಲ್ಲ ಅನ್ನಬೇಡಿ, ನೀವು ನೋಡಿಲ್ಲ ಅಷ್ಟೇ. ಅವರು ಹೋಗುವವರೆಗೆ, ಸಾಯುವವರೆಗೆ ಕಾಯಬೇಡಿ. ಈ ವಾರವೇ ಅವರ ಮನೆಗೆ ನಡೆದುಕೊಂಡು ಹೋಗಿ. ಮರ್ಯಾದೆಯಿಂದ ಹೆಸರು ಹಿಡಿದು ಮಾತಾಡಿಸಿ. ಏನು ಬೇಕು ಎಂದು ಕೇಳಿ. ನಾಲ್ಕು ಜನರ ಮುಂದೆ ಹಾರ ಹಾಕಿ, ಕೇಳಿದ್ದನ್ನೂ ಮಾಡಿ. ಮಾರನೆಯ ಬೆಳಗ್ಗೆ ನಿಮ್ಮ ಮಗುವನ್ನು ಅವರ ಮುಂದೆ ಕೂರಿಸಿ. ಮಗು ಅಲ್ಲಿ ಇಲ್ಲದಿದ್ದರೆ ನೀವು ಹಾಕಿದ್ದು ಬರೀ ಹೂವು.