ಬಾಡಿಗೆ ಬಾಗಿಲಿನ ರಂಗೋಲಿ

ಅನಿಲ್ ಕುಮಾರನಿಗೆ ಕೆಲಸಕ್ಕೆ ಹೋಗುವ ಧೈರ್ಯ ಇರಲಿಲ್ಲ. ಸೋಮಾರಿತನ ಎಂದು ನೆಂಟರು ಹೇಳಿದರು. ದೃಷ್ಟಿ ಆಗಿದೆ ಎಂದು ತಾಯಿ ವಿಶಾಲಮ್ಮ ಹೇಳಿದಳು. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ತಂದೆ ಪುಟ್ಟಯ್ಯ ಹೇಳಿದ. ಯಾವುದೂ ಅಲ್ಲ. ಅವನು ಬಸವನಗುಡಿಯ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದ. ಡಿಸೆಂಬರಿನಲ್ಲಿ ಒಂದು ದಿನ ಬೋರ್ಡಿನ ಮೇಲೆ ಸಮೀಕರಣ ಅರ್ಧ ಬರೆದಾಗ ಕೈ ನಿಂತುಹೋಯಿತು. ಎದೆ ಹೊಡೆದುಕೊಂಡಿತು, ಅಂಗಿ ಬೆವರಿಗೆ ಬೆನ್ನಿಗಂಟಿತು. ಹಿಂದಿನ ಬೆಂಚಿನವರು ನಗಲು ಶುರುಮಾಡುವವರೆಗೂ ಹಾಗೇ ಬೋರ್ಡಿನ ಕಡೆ ಮುಖ ಮಾಡಿ ನಿಂತಿದ್ದ. ಆಮೇಲೆ ಸೀಮೆಸುಣ್ಣವನ್ನು ಟೇಬಲ್ಲಿನ ಮೇಲಿಟ್ಟು ಮನೆಗೆ ನಡೆದು ಬಂದ. ಅಂದಿನಿಂದ ಕಾಲೇಜಿನ ಗೇಟು ಕಂಡರೆ ಸಾಕು, ಮತ್ತೆ ಅದೇ ಎದೆಬಡಿತ, ಅದೇ ಬೆವರು.

ಡಾಕ್ಟರು ಮಾತ್ರೆ ಬರೆದುಕೊಟ್ಟರು. ಎರಡನೇ ಸಲ ಹೋದಾಗ ಕೇಳಿದರು.

"ನಿಮ್ಮನೇಲಿ ಮನಸ್ಸಿದ್ರೂ ಇಲ್ದಿದ್ರೂ ದಿನಾ ನಡೆಯೋ ಕೆಲಸ ಯಾವ್ದಿದೆ?"

"ಬಾಗಿಲಿಗೆ ರಂಗೋಲಿ," ಎಂದ ಅನಿಲ್. "ಅಮ್ಮ ಹಾಕೋರು. ಈಗ ಮಂಡಿನೋವು, ಕೂರಕ್ಕಾಗಲ್ಲ. ಸ್ಟಿಕ್ಕರ್ ಅಂಟ್ಸಿದೀವಿ."

"ಸ್ಟಿಕ್ಕರ್ ಕಿತ್ತಾಕಿ. ನೀವೇ ಹಾಕಿ. ಚೆನ್ನಾಗಿ ಬರ್ಬೇಕು ಅಂತೇನಿಲ್ಲ. ತಪ್ಪಿಸ್ಬೇಡಿ, ಅಷ್ಟೇ."

ಹನುಮಂತನಗರದ ಆ ಅಡ್ಡರಸ್ತೆಯಲ್ಲಿ ಮೂವತ್ತು ದಾಟಿದ ಗಂಡಸೊಬ್ಬ ಬೆಳಿಗ್ಗೆ ಆರಕ್ಕೆ ಕುಕ್ಕರಗಾಲಿನಲ್ಲಿ ಕೂತು ಚುಕ್ಕಿ ಇಡುವುದನ್ನು ನೋಡಲು ಮೊದಲ ವಾರ ಜನ ಗೇಟಿಗೆ ಬಂದರು. ಎದುರುಮನೆಯ ಆಕರ್ಷ ಬೈಕು ನಿಲ್ಲಿಸಿಕೊಂಡೇ ಕೂಗಿದ.

"ಗುರು, ಭಾನುವಾರ ನಮ್ಮಕ್ಕನ್ನ ನೋಡಕ್ಕೆ ಬರ್ತಿದಾರೆ. ನಮ್ಮನೆ ಮುಂದೇನೂ ಒಂದ್ ಬಿಟ್ಬಿಡು."

"ನಿಮ್ಮಕ್ಕಂಗೆ ಬರಲ್ವಾ?"

"ಬರಲ್ಲ ಮಗಾ. ಅದನ್ನೇ ಮುಚ್ಚಿಡ್ಬೇಕು."

ಪುಟ್ಟಯ್ಯನಿಗೆ ಇದು ತಮಾಷೆಯಾಗಿರಲಿಲ್ಲ. ಅವನು ಸೈಟು ಕೊಡಿಸುವ ವ್ಯವಹಾರದವನು, ಬೆಳಗಾದರೆ ಮನೆಗೆ ನಾಲ್ಕು ಜನ ಬರುತ್ತಿದ್ದರು. ಬಂದವರು ರಂಗೋಲಿ ನೋಡಿ, ಮಗನನ್ನು ನೋಡಿ, ಆಮೇಲೆ ಪುಟ್ಟಯ್ಯನನ್ನು ನೋಡುತ್ತಿದ್ದರು. ಅವನು ಹೊರಗೆ ಹೊರಟಾಗ ಕಾರಿನ ಚಕ್ರವನ್ನು ಬೇಕೆಂದೇ ಅದರ ಮೇಲೆ ಹತ್ತಿಸುತ್ತಿದ್ದ. ಅನಿಲನಿಗೆ ಅದರಿಂದ ಬೇಸರವಾಗಲಿಲ್ಲ. ಮಾರನೆಯ ಬೆಳಿಗ್ಗೆಗೆ ಹೇಗಿದ್ದರೂ ಖಾಲಿ ನೆಲ ಬೇಕಿತ್ತು.

ಮೊದಮೊದಲು ಗೆರೆ ಸೊಟ್ಟ ಬರುತ್ತಿತ್ತು, ಹೆಬ್ಬೆರಳು ತೋರುಬೆರಳಿನ ನಡುವಿನಿಂದ ಪುಡಿ ಗುಪ್ಪೆಯಾಗಿ ಬೀಳುತ್ತಿತ್ತು. ಎರಡು ತಿಂಗಳಿಗೆ ಏಳು ಚುಕ್ಕಿ ನಾಲ್ಕರವರೆಗೆ ಹಾಕುವುದು ಬಂತು. ಅವನು ಖುಷಿಯಾಗಿದ್ದ ಎಂದಲ್ಲ. ಗುಡಿಸಿ, ನೀರು ಹಾಕಿ, ಚುಕ್ಕಿ ಇಟ್ಟು, ಗೆರೆ ಸೇರಿಸಿ ಮುಗಿಸುವಷ್ಟರಲ್ಲಿ ಎದ್ದಾಗಿರುತ್ತಿತ್ತು. ಎದ್ದ ಮೇಲೆ ಸ್ನಾನ, ಸ್ನಾನದ ಮೇಲೆ ತಿಂಡಿ. ತಿಂಡಿ ತಿಂದವನು ಕಾಲೇಜಿನ ಗೇಟಿನವರೆಗೆ ನಡೆದು ವಾಪಸು ಬರುವುದನ್ನೂ ರೂಢಿ ಮಾಡಿಕೊಂಡ. ಮೇ ತಿಂಗಳಲ್ಲಿ ಗೇಟಿನ ಎದುರು ನಿಂತು ಕಾಫಿ ಕುಡಿದು ಬಂದ.

ಪ್ರಿನ್ಸಿಪಾಲರು ಫೋನ್ ಮಾಡಿದರು. ಜೂನಿನ ಎರಡನೇ ಸೋಮವಾರ ಮೊದಲ ಕ್ಲಾಸು. ಬಂದರೆ ಕೆಲಸ ಇದೆ, ಬರದಿದ್ದರೆ ಬೇರೆಯವರನ್ನು ಆಗಲೇ ನೋಡಿಟ್ಟಿದ್ದಾರೆ. ಬರುತ್ತೇನೆ ಎಂದು ಅನಿಲ್ ಹೇಳಿದ.

ಆ ಸೋಮವಾರದ ಹಿಂದಿನ ಬುಧವಾರ ಮಾಗಡಿಯ ಆಚೆಯ ಊರಿನಲ್ಲಿ ಅಪ್ಪಯ್ಯ ತೀರಿಕೊಂಡ. ಅಪ್ಪಯ್ಯ ಪುಟ್ಟಯ್ಯನ ದೊಡ್ಡಪ್ಪನ ಮಗ. ಚಿಕ್ಕಂದಿನಲ್ಲೇ ತಂದೆ ಸತ್ತ ಪುಟ್ಟಯ್ಯನನ್ನು ಮನೆಯಲ್ಲಿಟ್ಟುಕೊಂಡು ಹೈಸ್ಕೂಲಿನವರೆಗೆ ಓದಿಸಿದವನು ಅವನೇ. ಪುಟ್ಟಯ್ಯ ಮಣ್ಣು ಮುಗಿಸಿ ಸಂಜೆ ಬಂದು, ಹಿತ್ತಲ ನಲ್ಲಿಯ ಕೆಳಗೆ ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡಿದ. ನೀರು ನಿಲ್ಲಿಸಿದ ಮೇಲೂ ಅಲ್ಲೇ ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ ಹೆಂಡತಿಗೆ ಹೇಳಿದ.

"ದೇವ್ರ ಮನೆ ಬಾಗ್ಲು ಹಾಕು. ಹನ್ನೊಂದು ದಿನ ದೀಪ ಬೇಡ. ಬಾಗಿಲಿಗೆ ರಂಗೋಲಿ ಬೇಡ."

ದಾಯಾದಿಗಳಲ್ಲಿ ಸಾವಾದರೆ ತಿಥಿಯವರೆಗೆ ಮನೆಯ ಮುಂದೆ ನೆಲ ಬೋಳಾಗಿರಬೇಕು. ಸತ್ತವನಿಗೆ ಕೊಡುವ ಮರ್ಯಾದೆ ಅದು.

"ಅಪ್ಪಾ, ಸೋಮವಾರ ಕಾಲೇಜಿದೆ," ಎಂದ ಅನಿಲ್. "ನಾನು ಹಬ್ಬಕ್ಕೆ ಅಂತ ಹಾಕ್ತಿಲ್ಲ. ಡಾಕ್ಟ್ರು ತಪ್ಪಿಸ್ಬೇಡಿ ಅಂದಿದಾರೆ."

"ಡಾಕ್ಟ್ರು ಬಂದು ನನ್ ಸೂತಕ ಕಳೀತಾರೇನೋ? ನನ್ನಣ್ಣ ಕಣೋ ಅವ್ನು. ಅವ್ನ್ ಹಳೇ ಚಡ್ಡಿ ಹಾಕ್ಕೊಂಡು ಸ್ಕೂಲಿಗೋದೋನು ನಾನು. ಅವನಿಗೋಸ್ಕರ ಹನ್ನೊಂದು ದಿನ ನೆಲ ಖಾಲಿ ಇರ್ಲಿ ಅಂದ್ರೆ ಅಷ್ಟೂ ಆಗಲ್ವಾ ನಿನ್ ಕೈಲಿ?"

ಅನಿಲ್ ರಂಗೋಲಿ ಡಬ್ಬಿಯನ್ನು ಒಳಗಿಟ್ಟ. ಅಪ್ಪ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಗುರುವಾರ ಎಂದಿನ ಹೊತ್ತಿಗೆ ಎಚ್ಚರವಾಯಿತು. ಮಾಡುವುದೇನೂ ಇಲ್ಲದೆ ಹತ್ತು ಗಂಟೆಯವರೆಗೆ ಮಲಗಿದ್ದ. ಎದ್ದು ಕಾಗದದ ಮೇಲೆ ಪೆನ್ಸಿಲಿನಲ್ಲಿ ಚುಕ್ಕಿ ಇಟ್ಟು ರಂಗೋಲಿ ಬರೆದ. ಶುಕ್ರವಾರ ಬೆಳಿಗ್ಗೆ ನೋಡಿದರೆ ಅದು ಮೇಜಿನ ಮೇಲೆ ಹಾಗೇ ಇತ್ತು. ಯಾರೂ ತುಳಿದಿರಲಿಲ್ಲ, ಗುಡಿಸುವುದಕ್ಕೆ ಏನೂ ಇರಲಿಲ್ಲ, ಮತ್ತೆ ಹಾಕುವ ಅಗತ್ಯವೂ ಇರಲಿಲ್ಲ. ಅವತ್ತು ಸ್ನಾನ ಮಾಡಲಿಲ್ಲ. ಸಂಜೆ ಕಾಲೇಜಿನ ಕಡೆಗೆ ಹೊರಟವನು ರಾಮಕೃಷ್ಣ ಆಶ್ರಮದ ಹತ್ತಿರ ನಿಂತ. ಅಂಗಿ ಬೆನ್ನಿಗೆ ಅಂಟಿತ್ತು. ಆಟೋ ಹಿಡಿದು ವಾಪಸು ಬಂದ.

ಶನಿವಾರ ಅವನನ್ನು ಕಲ್ಯಾಣಮ್ಮ ನೋಡಿದಳು. ಕಲ್ಯಾಣಮ್ಮ ಅದೇ ಕಾಂಪೌಂಡಿನ ಪಕ್ಕದ ಭಾಗದಲ್ಲಿ ಬಾಡಿಗೆಗೆ ಇದ್ದವಳು, ಒಂಟಿ ಹೆಂಗಸು. ಗಂಡನಿಗೆ ಅವೆನ್ಯೂ ರಸ್ತೆಯಲ್ಲಿ ಕಾಗದದ ಅಂಗಡಿ ಇತ್ತು. ಗಂಡ ಹೋದ ಮೇಲೆ ಅಂಗಡಿಯೂ ಹೋಯಿತು. ಹಣೆಗೆ ವಿಭೂತಿ ಇಲ್ಲದೆ ಅವಳನ್ನು ಯಾರೂ ಕಂಡಿರಲಿಲ್ಲ.

"ಏನಪ್ಪ, ಮುಖ ತೊಳ್ದಿಲ್ವಾ?"

"ಸೂತಕ ಅಮ್ಮ."

"ಸೂತಕ ಬಂದ್ರೆ ಮುಖಾನೂ ತೊಳೀಬಾರ್ದಾ ನಿಮ್ಮಲ್ಲಿ?"

ಅವನಿಗೆ ನಗು ಬಂತು. ನಕ್ಕ ಮೇಲೆ ಎಲ್ಲ ಹೇಳಿದ. ಸೋಮವಾರದ ಕ್ಲಾಸು, ಬೋಳು ನೆಲ, ಆಶ್ರಮದ ಹತ್ತಿರ ನಿಂತುಹೋದದ್ದು. ಅವಳು ಅಕ್ಕಿ ಆರಿಸುತ್ತಲೇ ಕೇಳಿಸಿಕೊಂಡಳು.

"ನಮ್ಮಲ್ಲಿ ಸೂತಕ ಇಲ್ಲಪ್ಪ. ಲಿಂಗ ಕಟ್ಕೊಂಡೋರಿಗೆ ಹುಟ್ಟಿಂದೂ ಇಲ್ಲ, ಸಾವಿಂದೂ ಇಲ್ಲ. ನಮ್ಮೆಜಮಾನ್ರನ್ನ ಮಣ್ಣು ಮಾಡಿದ ಮಾರನೇ ದಿನಾನೇ ಅಂಗೈ ಮೇಲೆ ಲಿಂಗ ಇಟ್ಕೊಂಡು ಪೂಜೆಗೆ ಕೂತೆ. ಭಾರಿ ಭಕ್ತಿ ಅಂತ ತಿಳ್ಕೋಬೇಡ. ಆ ಹೊತ್ತಲ್ಲಿ ಇನ್ನೇನು ಮಾಡ್ಬೇಕು ಅಂತ ಗೊತ್ತಿರ್ಲಿಲ್ಲ."

"ಆಮೇಲೆ?"

"ಆಮೇಲೇನು, ಪೂಜೆ ಆಯ್ತು, ಹಸಿವಾಯ್ತು, ಉಪ್ಪಿಟ್ಟು ಮಾಡ್ಕೊಂಡೆ." ಮೊರವನ್ನು ಕೆಳಗಿಟ್ಟಳು. "ನಾಳೆಯಿಂದ ನನ್ ಬಾಗಿಲಿಗೆ ಹಾಕು. ಬಾಡಿಗೆ ಕೊಡ್ತೀನಲ್ಲ, ಈ ಹೊಸ್ತಿಲು ನಂದೇ."

ಅನಿಲನಿಗೆ ಇದು ಸರಿಯೆಂದೇ ಕಂಡಿತು. ತನ್ನ ಮನೆಯ ಬಾಗಿಲು ಬೋಳಾಗಿಯೇ ಇರುತ್ತದೆ, ಅಪ್ಪನ ಮಾತು ಮೀರಿದಂತಾಗುವುದಿಲ್ಲ. ಎರಡೂ ಬಾಗಿಲಿಗೆ ಇರುವುದು ಒಂದೇ ಗೇಟು, ಗೇಟು ತೆಗೆದವರಿಗೆ ಮೊದಲು ಕಾಣುವುದು ಕಲ್ಯಾಣಮ್ಮನ ಹೊಸ್ತಿಲು ಎಂಬುದು ಅವನಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಮೊದಲ ಸಾಲು ಸೊಟ್ಟ ಬಂತು. ಅಳಿಸಿ ಮತ್ತೆ ಇಟ್ಟ. ಮೂರನೇ ಸಾಲಿಗೆ ಕೈ ಹದಕ್ಕೆ ಬಂತು. ಕೊನೆಯ ಎಳೆ ಸೇರಿಸುತ್ತಿರುವಾಗ ಗೇಟಿನ ಮುಂದೆ ಕಾರು ನಿಂತಿತು. ಅಪ್ಪಯ್ಯನ ದೊಡ್ಡ ಮಗ ಇಳಿದ. ತಲೆ ಬೋಳಿಸಿಕೊಂಡಿದ್ದ. ಅವನ ಹಿಂದೆ ಊರಿನ ಇಬ್ಬರು ಹಿರಿಯರು. ತಿಥಿಯ ದಿನ ಮನೆಯ ಹಿರಿಯನಾಗಿ ಮುಂದೆ ನಿಲ್ಲಬೇಕೆಂದು ಪುಟ್ಟಯ್ಯನನ್ನು ಕರೆಯಲು ಬಂದಿದ್ದರು.

ಅಪ್ಪಯ್ಯನ ಮಗ ನೆಲ ನೋಡಿದ. "ಏನ್ಲಾ ಅನಿಲಾ, ಯಾವ ಹಬ್ಬ ಇವತ್ತು?"

"ಇದು ಬಾಡಿಗೆಯವ್ರ ಬಾಗ್ಲು ಅಣ್ಣ. ಅವರು ಲಿಂಗಾಯ್ತ್ರು, ಅವರಲ್ಲಿ ಸೂತಕ ಇಲ್ಲ."

"ಬಾಗ್ಲು ಅವರ್ದು. ಕೈ ಯಾರ್ದು?"

ಅನಿಲನ ಬೆರಳುಗಳ ತುದಿ ಬೆಳ್ಳಗಿತ್ತು. ಪುಟ್ಟಯ್ಯ ಪಂಚೆ ಕಟ್ಟಿಕೊಳ್ಳುತ್ತಲೇ ಹೊರಗೆ ಬಂದ. ನೆಲ ನೋಡಿದ, ಮಗನ ಕೈ ನೋಡಿದ.

"ಒಳಗ್ ಬನ್ನಿ, ಬನ್ನಿ," ಎಂದ. "ಅವನಿಗೆ ಹುಷಾರಿಲ್ಲ. ಆರು ತಿಂಗಳಿಂದ ಹುಷಾರಿಲ್ಲ."

ಮಗನಿಗೆ ಹುಷಾರಿಲ್ಲ ಎಂದು ಪುಟ್ಟಯ್ಯ ಹೊರಗಿನವರ ಮುಂದೆ ಹೇಳಿದ್ದು ಅದೇ ಮೊದಲು.

"ಹುಷಾರಿಲ್ದೋನು ಮಲಗಿರ್ತಾನೆ ಚಿಕ್ಕಪ್ಪ. ರಂಗೋಲಿ ಬಿಡ್ತಾ ಕೂರಲ್ಲ. ನಮ್ಮಪ್ಪನ್ನ ಮಣ್ಣಿಗಿಟ್ಟು ಇನ್ನೂ ವಾರ ಆಗಿಲ್ಲ."

ವಿಶಾಲಮ್ಮ ನೀರು ತಂದಳು. ಯಾರೂ ಚೊಂಬು ಮುಟ್ಟಲಿಲ್ಲ. ಕರೆಯಲು ಬಂದವರು ಕರೆಯದೆಯೇ ತಿರುಗಿದರು. ಕಾರು ಹೊರಟಿತು.

ಕಲ್ಯಾಣಮ್ಮ ಹೊರಗೆ ಬಂದು ಕೈ ಮುಗಿದಳು. "ತಪ್ಪು ನಂದು ಪುಟ್ಟಯ್ಯನೋರೇ. ನಾನೇ ಹಾಕು ಅಂದಿದ್ದು."

"ನಿಮ್ ಬಾಗ್ಲು, ನಿಮ್ಮಿಷ್ಟ," ಎಂದು ಅವನು ಒಳಗೆ ಹೋದ.

ಸೋಮವಾರ ಆರು ಗಂಟೆಗೆ ಅನಿಲ್ ರಂಗೋಲಿ ಡಬ್ಬಿ ಹಿಡಿದು ಬಂದಾಗ ಪುಟ್ಟಯ್ಯ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಅನಿಲ್ ನಿಂತ. ಹಾಕದೆ ಒಳಗೆ ಹೋದರೂ ಊರಿನವರು ತಿರುಗಿ ಬರುವುದಿಲ್ಲ. ಹಾಕಿದರೆ ಅಪ್ಪನ ಕಣ್ಣೆದುರಿಗೇ ಹಾಕಬೇಕು. ಹಾಕದೆ ಹೋದರೆ ತಾನು ಆಶ್ರಮ ದಾಟುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಹೋಗಿ ಕಲ್ಯಾಣಮ್ಮನ ಬಾಗಿಲಲ್ಲಿ ಕೂತ.

"ಬೇಡ ಕಣೋ, ಇವತ್ತೊಂದಿನ ಬೇಡ," ಎಂದಳು ವಿಶಾಲಮ್ಮ ಒಳಗಿನಿಂದ.

"ಸುಮ್ನಿರೇ," ಎಂದ ಪುಟ್ಟಯ್ಯ. "ಹೋಗೋದು ಹೋಯ್ತು. ಕೆಲಸಾನಾದ್ರೂ ಉಳ್ಸ್ಕೊಳ್ಲಿ."

ಹಾಗೆಂದು ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ರಂಗೋಲಿ ಮುಗಿಯುವವರೆಗೆ ಗೋಡೆ ನೋಡುತ್ತ ಕೂತಿದ್ದ.

ಕಾಲೇಜಿನ ಗೇಟಿನಲ್ಲಿ ಎದೆ ಹೊಡೆದುಕೊಂಡಿತು. ಅನಿಲ್ ಒಳಗೆ ಹೋದ. ಬೋರ್ಡಿನ ಮೇಲೆ ಎರಡನೇ ಸಾಲು ಬರೆಯುವಾಗ ಕೈ ಒಮ್ಮೆ ನಿಂತಿತು. ಅವನು ಕಾದ. ಕೈ ಮತ್ತೆ ನಡೆಯಿತು. "ಸಾರ್, ಸ್ವಲ್ಪ ನಿಧಾನ," ಎಂದು ಒಬ್ಬಳು ಹುಡುಗಿ ಹೇಳಿದಳು. ಗಂಟೆ ಹೊಡೆಯುವವರೆಗೆ ಪಾಠ ಮಾಡಿದ.

ತಿಥಿಯ ದಿನ ಪುಟ್ಟಯ್ಯ ಬೆಳಿಗ್ಗೆಯೇ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ತಯಾರಾದ. ಊರಿನಿಂದ ಫೋನ್ ಬರಲಿಲ್ಲ. ಮಧ್ಯಾಹ್ನ ಅವನೇ ಮಾಡಿದ. ಅಪ್ಪಯ್ಯನ ಮಗ ಎತ್ತಲಿಲ್ಲ, ಬೇರೆಯವರೂ ಎತ್ತಲಿಲ್ಲ. ವಿಶಾಲಮ್ಮ ಅಡುಗೆ ಮಾಡಿ ಎಲೆಗೆ ಹಾಕಿಕೊಟ್ಟಳು. ಅವನು ಅದನ್ನು ಮಹಡಿಯ ಮೇಲಿಟ್ಟು, ಕಾಗೆ ಮುಟ್ಟಿತೋ ಇಲ್ಲವೋ ನೋಡದೆ ಇಳಿದು ಬಂದ. ಆಮೇಲೆ ಊರಿನಲ್ಲಿ ನಡೆದ ಯಾವ ಮದುವೆಗೂ ಯಾವ ಸಾವಿಗೂ ಅವರಿಗೆ ಹೇಳಿಕಳಿಸಲಿಲ್ಲ.

ಮುಂದಿನ ತಿಂಗಳು ಕಲ್ಯಾಣಮ್ಮ ಮನೆ ಖಾಲಿ ಮಾಡಿದಳು. ಮಲ್ಲೇಶ್ವರದಲ್ಲಿ ತಮ್ಮನ ಮನೆಗೆ ಹೋಗುತ್ತೇನೆ ಎಂದಳು. ಬೇಡ ಎಂದು ಪುಟ್ಟಯ್ಯ ಹೇಳಲಿಲ್ಲ, ಹೋಗಿ ಎಂದೂ ಹೇಳಿರಲಿಲ್ಲ. ಸಾಮಾನು ಹೊರಲು ಅನಿಲ್ ಕೈಜೋಡಿಸಿದ.

ಅನಿಲ್ ಕುಮಾರನ ಕೆಲಸ ಉಳಿಯಿತು. ಹೋದದ್ದು ಇಷ್ಟು: ಊರಿನಲ್ಲಿ ಹದಿನಾಲ್ಕು ಮನೆ ದಾಯಾದಿಗಳು, ಕಾಂಪೌಂಡಿನಲ್ಲಿ ಒಬ್ಬಳು ಕಲ್ಯಾಣಮ್ಮ.