ಕಟ್ಟೆಯ ಮೇಲೆ ಕೂಗಿದ ಹೆಸರು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮೂರು ಪುರವರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ. ಈ ಕಥೆಯಲ್ಲಿ ಮಾತ್ರ ನಾನು ಯಾರ ಮೇಲೂ ಕೋಪ ಮಾಡಿಕೊಳ್ಳುವ ಹಾಗಿಲ್ಲ, ಅದೇ ನನ್ನ ಕಷ್ಟ.

ನಾನು ಡಾಕ್ಟರ್ ಕಾಡಸಿದ್ದಪ್ಪ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳ್ಳಿಗಳಲ್ಲಿ ಮದುವೆಯನ್ನು ಹೇಗೆ ಕಟ್ಟುತ್ತಾರೆ, ಹೇಗೆ ಬಿಡಿಸುತ್ತಾರೆ ಎಂಬುದನ್ನು ನಾಲ್ಕು ವರ್ಷ ಸುತ್ತಿ ಬರೆದು ಬೊಂಬಾಯಿಯಲ್ಲಿ ಪಿಎಚ್.ಡಿ. ಪಡೆದವನು. ಅದರಲ್ಲಿ ಒಂದು ಅಧ್ಯಾಯ ಪೂರ್ತಿ ನಿಡುಗಲ್ಲಿನದು. ಅಲ್ಲಿ ಕುಲದ ನ್ಯಾಯ ನಡೆಯುವ ಕಟ್ಟೆಗೆ ಯಜಮಾನ ಚನ್ನಮಲ್ಲಯ್ಯ. ನನ್ನ ಹೆಂಡತಿ ಜಗದಾಂಬಳ ಚಿಕ್ಕಪ್ಪ. ಜಗಲಿಯ ಮೇಲೆ ಕೂತು ಆತ ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ, ಜಗದಾಂಬ ಮಜ್ಜಿಗೆ ತಂದಿಟ್ಟು ಬಾಗಿಲಿಗೆ ಒರಗಿ ಕೇಳುತ್ತಿದ್ದಳು.

ಅಲ್ಲಿನ ಕಟ್ಟಳೆ ಹೀಗೆ. ಗಂಡ ಊರು ಬಿಟ್ಟು ಮೂರು ವರ್ಷ ಮುಖ ತೋರಿಸದಿದ್ದರೆ ಹೆಂಡತಿ ಕಟ್ಟೆಗೆ ಬರಬಹುದು. ಮೂರು ಹುಣ್ಣಿಮೆ, ಹುಣ್ಣಿಮೆಗೆ ಒಂದು ಸಲ, ಅವನ ಹೆಸರು ಹಿಡಿದು ಕೂಗುತ್ತಾರೆ. ಮೂರನೆಯ ಕೂಗಿಗೂ ಅವನು ಓಗೊಡದಿದ್ದರೆ ಅವಳ ಋಣ ಹರಿಯಿತು.

"ಕಾಗದ ಬರ್ತಾ ಇದ್ರೆ ಚಿಕ್ಕಪ್ಪ?" ಎಂದು ಜಗದಾಂಬ ಕೇಳಿದ್ದಳು.

"ಕಾಗದ ಗಂಡ ಅಲ್ಲ ಕಣಮ್ಮ," ಎಂದ ಚನ್ನಮಲ್ಲಯ್ಯ.

ಆ ಮಾತನ್ನು ಹಾಗೆಯೇ ಬರೆದುಕೊಂಡೆ. ಪರೀಕ್ಷಕರು ಅದನ್ನು ಬಹಳ ಮೆಚ್ಚಿದರು.

ಪದವಿ ಹಿಡಿದು ಬೆಂಗಳೂರಿಗೆ ಹೋದರೆ ಅಲ್ಲೊಬ್ಬ ದೊಡ್ಡ ಮನುಷ್ಯರು ನನ್ನ ಪ್ರಬಂಧವನ್ನು ತೂಗಿ ನೋಡಿದ ಹಾಗೆ ಕೈಯಲ್ಲಿ ಎತ್ತಿ, "ಹಳ್ಳಿಯ ಪದ್ಧತಿ ಸರಿ, ಕಾನೂನು ಎಲ್ಲಿ?" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಲಂಡನ್ನಿಗೇ ಹೋಗಿ ಎಲ್ಎಲ್.ಎಂ. ಮಾಡಿಕೊಂಡು ಬಂದು ಇವರ ಮೇಜಿನ ಮೇಲೆ ಇಡುತ್ತೇನೆ ಎಂದು ಅವತ್ತೇ ತೀರ್ಮಾನಿಸಿದೆ. ಬಿ.ಎಲ್. ಮೊದಲೇ ಇತ್ತು. ಸ್ಕಾಲರ್‌ಷಿಪ್ಪೂ ಸಿಕ್ಕಿತು.

"ಓದಿ ಓದಿ ಡಾಕ್ಟರೇ ಆಗ್ಬುಟ್ರಿ. ಇನ್ನೇನು ಬಾಕಿ ಐತೆ?" ಎಂದಳು ಜಗದಾಂಬ.

"ಎರಡೇ ವರ್ಷ," ಎಂದೆ.

"ಚಿಕ್ಕಪ್ಪ ಹೇಳಿದ್ದು ಮೂರು. ಒಂದು ವರ್ಷ ಉಳೀತದೆ," ಎಂದು ನಕ್ಕಳು. ನಾನೂ ನಕ್ಕೆ. ನನ್ನ ತಂದೆ ತಾಯಿ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಪುರವರದ ಮನೆಗೆ ಬೀಗ ಹಾಕಿ ಅವಳನ್ನು ತವರಾದ ನಿಡುಗಲ್ಲಿನಲ್ಲಿ ಬಿಟ್ಟು, ಸಾವಿರದ ಒಂಬೈನೂರ ಮೂವತ್ತೆಂಟರ ಆಗಸ್ಟಿನಲ್ಲಿ ಹಡಗು ಹತ್ತಿದೆ.

ಲಂಡನ್ನಿನ ವರ್ಣನೆ ಬೇಡ. ನಾನು ನೋಡಿದ ಲಂಡನ್ನು ಒಂದು ಕೋಣೆ, ಒಂದು ಲೈಬ್ರರಿ, ನಡುವೆ ಒಂದು ಒದ್ದೆ ರಸ್ತೆ. ಒಮ್ಮೆ ಲೆಕ್ಕ ಹಾಕಿದರೆ ಹನ್ನೊಂದು ದಿನದಿಂದ ಯಾರೊಡನೆಯೂ ಮಾತಾಡಿರಲಿಲ್ಲ. ಮುಖಕ್ಷೌರ ಮಾಡಿಕೊಳ್ಳುವಾಗ ಕನ್ನಡಿಯಲ್ಲಿದ್ದವನಿಗೆ, "ಏನ್ಲಾ, ಉಂಡ್ಯಾ?" ಎಂದು ಕೇಳಿದೆ. ನಾಚಿಕೆಯಾಯಿತು. ಮರುದಿನವೂ ಕೇಳಿದೆ.

ಹದಿನೈದು ದಿನಕ್ಕೊಂದು ಕಾಗದ ತಪ್ಪದೆ ಬರೆದೆ. ಅವಳು ನಾಲ್ಕು ಸಾಲು ಬರೆಯುವಳು. ಒಂದರಲ್ಲಿ ಹೀಗಿತ್ತು: "ಪೋಸ್ಟಿನವನನ್ನು ಕಂಡರೆ ನಮ್ಮ ನಾಯಿ ಈಗ ಬೊಗಳುವುದಿಲ್ಲ. ನೀವು ಬಂದರೆ ಬೊಗಳುತ್ತದೆ." ಚೆನ್ನಾಗಿ ಬರೆಯುತ್ತಾಳೆ ಎಂದು ಮೆಚ್ಚಿಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಈಗ ಒಪ್ಪಿಕೊಳ್ಳಬೇಕಾದ ಮಾತು. ನಲವತ್ತನೇ ಇಸವಿಯ ಬೇಸಿಗೆಯಲ್ಲಿ ಹಡಗಿನಲ್ಲಿ ನನಗೊಂದು ಜಾಗ ಸಿಕ್ಕಿತ್ತು. ಪರೀಕ್ಷೆಯೂ ಪಾಸಾಗಿತ್ತು. ಆದರೆ ಒಂದು ಪತ್ರಿಕೆಯಲ್ಲಿ ಅಂಕ ಕಡಿಮೆ. ಇನ್ನೊಂದು ಸಲ ಕೂತರೆ ಮೊದಲನೆಯ ದರ್ಜೆ ಖಂಡಿತ ಎಂದರು ಪ್ರೊಫೆಸರು. ಬೆಂಗಳೂರಿನ ದೊಡ್ಡ ಮನುಷ್ಯರ ಮುಖ ಕಣ್ಮುಂದೆ ಬಂತು. ಹಡಗಿನ ಜಾಗ ಬಿಟ್ಟುಕೊಟ್ಟೆ. ಜಗದಾಂಬಳಿಗೆ ಯುದ್ಧದಿಂದಾಗಿ ತಡ ಎಂದು ಬರೆದೆ. ಆಮೇಲೆ ಬಾಂಬು ಬೀಳಲಾರಂಭಿಸಿದ್ದರಿಂದ ಆ ಸುಳ್ಳು ತಾನಾಗಿಯೇ ನಿಜವಾಯಿತು. ವರ್ಷ ಕಳೆದರೂ ಜಾಗ ಸಿಗಲಿಲ್ಲ.

ಮೊದಲನೆಯ ದರ್ಜೆ ಹಿಡಿದು ಪುರವರಕ್ಕೆ ಬಂದದ್ದು ನಲವತ್ತೊಂದರ ನವೆಂಬರಿನಲ್ಲಿ. ಅಂಚೆ ಮನೆಯಲ್ಲಿ ಚನ್ನಮಲ್ಲಯ್ಯ ಬರೆಸಿದ ಕಾಗದ ಕಾದಿತ್ತು. ಎರಡು ಹುಣ್ಣಿಮೆ ಕೂಗಾಯಿತು, ಕಾರ್ತೀಕ ಹುಣ್ಣಿಮೆಗೆ ಮೂರನೆಯದು ಎಂದಿತ್ತು. ಕಾರ್ತೀಕ ಹುಣ್ಣಿಮೆ ಮಾರನೆಯ ದಿನವೇ.

ಬೀಗ ಕೂಡ ತೆಗೆಯದೆ, ಮಧುಗಿರಿಯಿಂದ ಇದ್ದಿಲಿನಿಂದ ಓಡುವ ಬೆಳಗಿನ ಬಸ್ಸು ಹಿಡಿದು ಪಾವಗಡದ ದಾರಿಯಲ್ಲಿ ಹೋದೆ. ದಾರಿಯುದ್ದಕ್ಕೂ ಹೆದರಿಕೆ ಇಳಿಯುತ್ತಾ ಬಂತು. ಮೂರನೆಯ ಕೂಗಿಗೆ ಮೊದಲೇ ತಲುಪುತ್ತೇನೆ, ಓಗೊಡುತ್ತೇನೆ, ಅಲ್ಲಿಗೆ ಮುಗಿಯಿತು. ಈ ವಿಷಯದಲ್ಲಿ ನನಗಿಂತ ತಿಳಿದವನು ಮೈಸೂರು ಸೀಮೆಯಲ್ಲಿಲ್ಲ ಎಂದು ಮೀಸೆ ತಿರುವಿಕೊಂಡೆ.

ನಿಡುಗಲ್ಲಿನ ಬೆಟ್ಟದ ಬುಡದಲ್ಲಿ ಜನ ಸೇರಿದ್ದರು. ಕೋಟು ಹ್ಯಾಟಿನ ನನ್ನನ್ನು ಕಂಡು ಮುದುಕಿಯೊಬ್ಬಳು, "ಎವರೋ ದೊರ ಬಂದವ್ನೆ," ಎಂದು ತೆಲುಗು ಬೆರೆಸಿ ಹೇಳಿ, ಯಾರೋ ದೊರೆಗೆ ಬಿಡುವ ಹಾಗೆ ಸರಿದು ದಾರಿ ಬಿಟ್ಟಳು. ಕಟ್ಟೆಯ ಪಕ್ಕದಲ್ಲಿ ಜಗದಾಂಬ ನಿಂತಿದ್ದಳು. ಬಡವಾಗಿದ್ದಳು. ಕಿವಿಯ ಹತ್ತಿರ ಕೂದಲು ನರೆತಿತ್ತು. ಅವಳಿಗಿನ್ನೂ ಮೂವತ್ತು ತುಂಬಿರಲಿಲ್ಲ.

"ಪುರವರದ ಕಾಡಸಿದ್ದಪ್ಪ ಇದ್ರೆ ಬರಬೇಕು," ಎಂದು ಚನ್ನಮಲ್ಲಯ್ಯ ಕೂಗಿದ.

"ಇದ್ದೀನಿ," ಎಂದೆ.

ಎಲ್ಲರೂ ತಿರುಗಿದರು. ಚನ್ನಮಲ್ಲಯ್ಯನಿಗೆ ನನ್ನ ಗುರುತು ಸಿಕ್ಕಿತು, ಅದು ಅವನ ಮುಖದಲ್ಲೇ ಕಂಡಿತು. ಆದರೂ ಅವನು ನನ್ನನ್ನು ಮಾತಾಡಿಸದೆ ಜಗದಾಂಬಳ ಕಡೆ ತಿರುಗಿದ.

"ನೋಡಿ ಹೇಳವ್ವ. ಈತ ಯಾರು?"

ಈ ಪ್ರಶ್ನೆಯೂ ಕಟ್ಟಳೆಯಲ್ಲಿದೆ. ಬಂದವನ ಗುರುತನ್ನು ಹೆಂಡತಿಯೇ ಹೇಳಬೇಕು. ಊರಿಗೇ ಗೊತ್ತಿರುವ ಗಂಡನನ್ನು ಗುರುತಿಸು ಎನ್ನುವುದು ಅರ್ಥವಿಲ್ಲದ ಶಾಸ್ತ್ರ ಎಂದು ನನ್ನ ಪ್ರಬಂಧದಲ್ಲಿ ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದೆ.

ಜಗದಾಂಬ ನನ್ನನ್ನು ನೋಡಿದಳು. ಅವಸರವಿಲ್ಲದೆ, ಕಾಲಿನಿಂದ ತಲೆಯವರೆಗೆ ನೋಡಿದಳು. ಅವಳ ಕಣ್ಣು ತುಂಬಿತು. ಅದನ್ನು ಕಂಡು ನಾನು ಒಂದು ಹೆಜ್ಜೆ ಮುಂದಿಟ್ಟೆ.

"ಗೊತ್ತಿಲ್ಲ ಚಿಕ್ಕಪ್ಪ," ಎಂದಳು.

ನನ್ನನ್ನು ಹತ್ತು ವರ್ಷದಿಂದ ಬಲ್ಲವರು, ನನಗೆ ಅನ್ನ ಇಕ್ಕಿದವರು, ನೆಲ ನೋಡುತ್ತಾ ಕೂತರು. ಆ ಪ್ರಶ್ನೆ ಏತಕ್ಕಿದೆ ಎಂದು ಅಲ್ಲಿದ್ದ ಅಷ್ಟೂ ಜನಕ್ಕೆ ಗೊತ್ತಿತ್ತು. ನನ್ನೊಬ್ಬನಿಗೆ ಗೊತ್ತಿರಲಿಲ್ಲ.

"ಋಣ ಹರೀತು," ಎಂದ ಚನ್ನಮಲ್ಲಯ್ಯ.

ಅವನನ್ನು ಪಕ್ಕಕ್ಕೆ ಕರೆದು ಕೇಳಿದೆ, ಬೇರೆ ಯಾರನ್ನಾದರೂ ಮದುವೆಯಾಗುತ್ತಾಳೆಯೇ ಎಂದು.

"ಯಾರ್ನೂ ಇಲ್ಲ ಸ್ವಾಮಿ. ಇವತ್ತು ಬಂದಾರು, ನಾಳೆ ಬಂದಾರು ಅಂತ ಕಾಯೋದು ಸಾಕಾಯ್ತು ಅಂದ್ಳು. ಅಷ್ಟೇಯ."

ಕೋರ್ಟಿಗೆ ಹೋಗಬಹುದಿತ್ತು. ಗೆಲ್ಲುತ್ತಿದ್ದೆ ಕೂಡ. ಆದರೆ ಅವಳು ಸುಳ್ಳು ಹೇಳಿದಳು ಎಂದು ಯಾವ ಬಾಯಲ್ಲಿ ಹೇಳಲಿ?

ಬಸ್ಸಿಗೆ ಹೊತ್ತಿತ್ತು. ದಾರಿ ಬದಿಯ ಕಲ್ಲಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಜಗದಾಂಬ ಚೊಂಬಿನಲ್ಲಿ ನೀರು, ಅಂಗೈಯಲ್ಲಿ ಬೆಲ್ಲ ಹಿಡಿದು ಬಂದಳು. ಆ ಊರಿನಲ್ಲಿ ಯಾವ ದಾರಿಹೋಕನನ್ನೂ ಬರಿಗಂಟಲಲ್ಲಿ ಕಳಿಸುವುದಿಲ್ಲ.

"ದೂರದಿಂದ ಬಂದಂಗೈತೆ. ಯಾವೂರು ನಿಮ್ದು?" ಎಂದಳು.

"ಪುರವರ," ಎಂದೆ.

"ಮನೇಲಿ ಯಾರವ್ರೆ?"

ನೀರು ಕುಡಿದು ಚೊಂಬನ್ನು ಅವಳ ಕೈಗೆ ಕೊಟ್ಟೆ.

"ಯಾರೂ ಇಲ್ಲ ತಾಯಿ," ಎಂದೆ.